ಊರಲ್ಲಿಲ್ಲದವರ ಕೊಡಗಳು

ಗೆಳೆಯರೇ, ಇವತ್ತು ಬರ ಬಿದ್ದ ಠಾಣಾ ಕುಶನೂರು ಎಂಬ ಊರಿನಲ್ಲಿ ಕಂಡದ್ದನ್ನು ಹೇಳದೆ ಇರಲಾರೆ. ನೀರಿನ ಟ್ಯಾಂಕರ್ ಮುಂದೆ ಕೊಡಗಳ ಉದ್ದನೆಯ ಸಾಲು. ಅರ್ಧದಷ್ಟು ಕೊಡಗಳ ಹಿಂದೆ ಜನರೇ ಇಲ್ಲ! ಅವು ಮನೆಗೆ ಬೀಗ ಹಾಕಿ ಹೈದರಾಬಾದಿಗೆ ದುಡಿಯಲು ಹೋದವರವು. ಅಕ್ಕಪಕ್ಕದವರೇ ಅವನ್ನೂ ಮುಂದಕ್ಕೆ ಸರಿಸಿ, ತುಂಬಿಸಿ, ಅವರು ಬಿಟ್ಟುಹೋದ ಎಮ್ಮೆಗಳಿಗೆ ಕುಡಿಸುತ್ತಾರೆ.

ಅಷ್ಟರಲ್ಲಿ ಜೀಪಿನಿಂದ ಒಬ್ಬ ಪುಢಾರಿ ಇಳಿದರು. "ಊರಾಗ ಮಂದಿನೇ ಇಲ್ಲ, ದಿನಾ ಟ್ಯಾಂಕರ್ ಯಾಕ? ಮಳಿ ಬರ್ಲಿಲ್ಲಂದ್ರ ನಮ್ದೇನ್ ತಪ್ಪು?" ಎಂದರು.

ಸಾಲಿನಲ್ಲಿದ್ದ ಕಾಶಮ್ಮ ಸೆರಗು ಸರಿಮಾಡಿಕೊಂಡಳು. "ಮಳಿ ನಿಮ್ಮ ಕೈಯಾಗಿಲ್ರಿ ಸಾಹೇಬ್ರ, ಖರೆ ಅದ. ಟ್ಯಾಂಕರ್ ನಿಮ್ಮ ಕೈಯಾಗ ಅದಲ್ರಿ? ಅದು ಮೊದಲೇ ಬಂದಿದ್ರ ಅವ್ರು ಯಾಕ ಊರು ಬಿಡ್ತಿದ್ರು?"

ಪುಢಾರಿ ಬೆವರು ಒರೆಸಿಕೊಂಡರು. ಆಗ ಕಾಶಮ್ಮನೇ ಪಕ್ಕದಲ್ಲಿ ತುಂಬಿಟ್ಟಿದ್ದ ಕೊಡದಿಂದ ಚೊಂಬು ತುಂಬಿ, "ಬಿಸಲಾಗ ಬಂದೀರಿ, ಮೊದಲ ನೀರು ಕುಡೀರಿ" ಎಂದು ಕೊಟ್ಟಳು. ಬೈದ ಬಾಯಲ್ಲೇ ಇಂಥ ಉಪಚಾರ! ನಾನು ದಂಗಾಗಿ ನಿಂತೆ.

ಪುಢಾರಿ ಗಟಗಟನೆ ಕುಡಿದು ಚೊಂಬು ಮರಳಿಸಿದರು.

"ಊರಾಗಿಲ್ಲದವ್ರ ಕೊಡದ ನೀರದು, ಸಾಹೇಬ್ರ" ಎಂದಳು ಕಾಶಮ್ಮ.

ನಾಳೆಯೂ ಟ್ಯಾಂಕರ್ ಬರುತ್ತದಂತೆ; ಜೀಪು ಹತ್ತುವಾಗ ಪುಢಾರಿಯೇ ಹೇಳಿದರು.