ಅಲುಗದ ಬೆನ್ನು

ಕುದುರೆ ಕೊಳ್ಳಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟು: ಬೆನ್ನುದ್ದಕ್ಕೂ ಹೆಬ್ಬೆರಳು ಒತ್ತಿ ನೋಡಿ, ಒಂದಿಷ್ಟೂ ಅಲುಗದೆ ನಿಂತರೆ ಬಿಟ್ಟು ಬನ್ನಿ. ನಾನು ಅಂಥದ್ದನ್ನೇ ಹಿಡಿದುಕೊಂಡು ಬಂದವನು. ದೇವದುರ್ಗದಲ್ಲಿ ಸಿಕ್ಕ ಬಿಳಿ ಹೆಣ್ಣು ಕುದುರೆ, ಮದುವೆ ಮೆರವಣಿಗೆಗೆ ಪಳಗಿದ್ದು. ಎತ್ತಿನ ವ್ಯಾಪಾರದಲ್ಲಿ ಬೆಳೆದ ನಾನು ಕತ್ತಿನಿಂದ ಸೊಂಟದವರೆಗೆ ಒತ್ತಿದೆ. ಕಲ್ಲಿನಂತೆ ನಿಂತಿತ್ತು. ನೋವಿಲ್ಲ ಎಂದುಕೊಂಡೆ. ಖುಷಿಯನ್ನು ಮುಖದ ಮೇಲೆ ತೋರಿಸದೆ, ಗೊರಸು ಸರಿಯಿಲ್ಲ, ಹಲ್ಲು ಸವೆದಿದೆ ಎಂದು ಗೊಣಗಿ, ಹೇಳಿದ ಬೆಲೆಗಿಂತ ಬಹಳ ಕೆಳಗಿಳಿಸಿ ತಂದೆ.

ರಾಯಚೂರಿನಲ್ಲಿ ನಮ್ಮದು ಮದುವೆಗೆ ಕುದುರೆ ಬಾಡಿಗೆ ಕೊಡುವ ಕೆಲಸ. ಚೌಕಾಸಿ ನನ್ನದು, ಕುದುರೆಯ ಮೈ ನೋಡಿಕೊಳ್ಳುವುದು ತಮ್ಮನದು. ಆ ವರ್ಷ ತಮ್ಮ ತೀರಿಹೋಗಿದ್ದ. ಮಣ್ಣು ಮಾಡಿ ಬಂದ ಮೂರನೇ ದಿನಕ್ಕೆ ನಾನು ಬುಕಿಂಗ್ ಮಾತಾಡಲು ಕೂತೆ. ಅಳು ಬರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಅವನಿದ್ದಿದ್ದರೆ ಈ ಕುದುರೆ ನಮ್ಮ ಮನೆಗೆ ಬರುತ್ತಿರಲಿಲ್ಲ.

ಮೊದಲ ಮೆರವಣಿಗೆಯಲ್ಲೇ ಗೊತ್ತಾಯಿತು. ಬ್ಯಾಂಡಿನ ಹಿಂದೆ ನೆಟ್ಟಗೆ ನಡೆಯಿತು. ಕಲ್ಯಾಣ ಮಂಟಪದ ಕಡೆ ಹೊರಳುವಾಗ ಮೈ ಬಾಗಲಿಲ್ಲ. ಹಿಂಗಾಲು ಎಳೆದು ನಿಂತುಬಿಟ್ಟಿತು. ಮದುಮಗ ಇಳಿದು ನಡೆದುಹೋದ.

ದನದ ಡಾಕ್ಟರು ಬಂದು, ಎಲುಬು ಸರಿ ಇದೆ, ವರ್ಷಗಟ್ಟಲೆ ಹೊಂದದ ಜೀನು ಹೊತ್ತು ಬೆನ್ನು ಬಿಗಿದಿದೆ ಎಂದರು. ಮಾರಿಬಿಡುವುದೆಂದು ತೀರ್ಮಾನಿಸಿದೆ. ಮಾನ್ವಿಯಲ್ಲಿ ನಮ್ಮಂತೆಯೇ ಮದುವೆಗೆ ಕುದುರೆ ಬಾಡಿಗೆ ಕೊಡುವ ಒಬ್ಬ ತಿಂಗಳ ಕೊನೆಗೆ ನೋಡಲು ಬರುವವನಿದ್ದ. ಅವನು ಬೇಡವೆಂದರೆ ಉಳಿದವನು ಇಟ್ಟಿಗೆ ಭಟ್ಟಿಯವನು. ಭಟ್ಟಿಯ ಗಾಡಿಗೆ ಹೋದ ಕುದುರೆ ತಿರುಗಿ ಬಂದದ್ದನ್ನು ನಾನು ನೋಡಿಲ್ಲ.

ಮಾನ್ವಿಯವನು ಬರುವಷ್ಟರಲ್ಲಿ ಬೆನ್ನು ಸಡಿಲಾಗಲೆಂದು ಮೊದಲು ಗರಡಿಯಲ್ಲಿ ಪೈಲ್ವಾನರಿಗೆ ಮಾಲೀಸು ಮಾಡುವವನನ್ನು ಕರೆಸಿದೆ. ಎಣ್ಣೆ ಸುರಿದು, ಮೊಣಕೈ ಊರಿ ತಿಕ್ಕಿದ. ಕುದುರೆ ಇನ್ನಷ್ಟು ಬಿಗಿಯಾಯಿತು. ತಿಕ್ಕುವವನ ರಟ್ಟೆ ನೋಡಿ ಮರುಳಾಗಬೇಡಿ, ಇದೂ ನೆನಪಿರಲಿ. ಆಮೇಲೆ ಮಸರಕಲ್ ಊರಿನ ಮುದುಕಿಯೊಬ್ಬಳು ರಾಯಚೂರಿನ ಮಗಳ ಮನೆಗೆ ಬಂದಿರುವುದು ತಿಳಿಯಿತು. ಗಂಡ ಜಟಕಾ ಹೊಡೆಯುತ್ತಿದ್ದ ಕಾಲದಲ್ಲಿ ಕುದುರೆಯ ಮೈ ಹಿಡಿದು ನೋವು ಬಿಡಿಸುವುದನ್ನು ಕಲಿತವಳು. ಬಂದವಳೇ ನನಗೆ ಒತ್ತಿ ತೋರಿಸಲು ಹೇಳಿದಳು. ಒತ್ತಿದೆ.

"ಬೇಟಾ, ಇದು ನೋವಿಲ್ಲಂತ ನಿಂತಿಲ್ಲ. ತಡಕೊಂಡು ತಡಕೊಂಡು ಮೈ ಸತ್ತದ. ನೀ ಕೈ ತೆಗಿ."

ತನ್ನ ಅಂಗೈ ಇಟ್ಟಳು. ಒತ್ತಲಿಲ್ಲ, ತಿಕ್ಕಲಿಲ್ಲ. ಎಷ್ಟು ಹೊತ್ತು ಬೇಕು ಎಂದು ಕೇಳಿದೆ.

"ನನಗೇನು ಕೇಳ್ತಿ? ಅದಕ್ಕ ಕೇಳು."

ತಂದಿಟ್ಟ ಚಹಾ ಆರಿಹೋಯಿತು. ಕುದುರೆ ನಿಧಾನಕ್ಕೆ ತಲೆ ತಗ್ಗಿಸಿತು. ಕೆಳದುಟಿ ಜೋತುಬಿತ್ತು. ಬಾಯಿ ಚಪ್ಪರಿಸಿ, ದೊಡ್ಡದಾಗಿ ಆಕಳಿಸಿತು. ಜೀನು ಕೂರುವ ಜಾಗದಲ್ಲಿ ಚರ್ಮ ಪಟಪಟ ಅದುರಿತು. ಈಗ ನೋವು ಎಚ್ಚರಾಗಿದೆ, ಎರಡು ತಿಂಗಳು ಯಾರೂ ಅಲ್ಲಿ ಒತ್ತಬಾರದು ಎಂದಳು. ಮಾನ್ವಿಯವನ ವಿಷಯ ಹೇಳಿದೆ.

"ಹಂಗಾದ್ರ ಈ ಆರೈಕಿ ಈಗ್ಲೇ ಬಿಟ್ಟುಬಿಡು. ಸತ್ತ ಬೆನ್ನು ಸುಮ್ನ ನಿಲ್ತದ, ಮಾರಾಕ ಛಲೋ. ಎಚ್ಚರಾದದ್ದು ಖರೇ ಹೇಳ್ತದ."

ನಾನು ಬಿಡಲಿಲ್ಲ. ಹೊರಳದ ಕುದುರೆಯನ್ನು ಯಾರೂ ಕೊಳ್ಳುವುದಿಲ್ಲ. ಹೊರಳಿಸಿ ತೋರಿಸೋಣ, ಬೆನ್ನ ಮೇಲೆ ಜರಿ ಬಟ್ಟೆ ಹೊದಿಸಿಟ್ಟು ಕೈ ಹಾಕಲು ಬಿಡದಿದ್ದರಾಯಿತು ಎಂದುಕೊಂಡೆ. ದಿನಾ ಬೆಳಿಗ್ಗೆ ಬಿಸಿನೀರಿನ ಬಟ್ಟೆ ಹಿಂಡಿ ಕಾವು ಕೊಡುವುದು, ಬೆನ್ನೆಲುಬಿನ ಎರಡೂ ಮಗ್ಗುಲಿಗೆ ಅಂಗೈ ಇಟ್ಟು ಕಾಯುವುದು, ಹಿಂಗಾಲೆತ್ತಿ ಸಣ್ಣಗೆ ಸುತ್ತಿಸುವುದು. ರೊಟ್ಟಿ ಚೂರನ್ನು ಪಕ್ಕೆಯ ಹತ್ತಿರ ಹಿಡಿದರೆ ಅದರ ಆಸೆಗೆ ತಾನೇ ಕತ್ತು ಬಾಗಿಸುತ್ತಿತ್ತು. ಎಲ್ಲವೂ ಮುದುಕಿ ಕಲಿಸಿದ್ದು. ಮೂರು ವಾರಕ್ಕೆ ಎರಡೂ ಕಡೆ ಹೊರಳತೊಡಗಿತು.

ಮಾನ್ವಿಯವನು ಬಂದ. ಹೊರಳಿಸಿ ತೋರಿಸಿದೆ, ತಲೆಯಾಡಿಸಿದ. ಆದರೆ ಅವನೂ ಇದೇ ಧಂದೆಯವನು. ನಾನು ಮಾತು ಹಚ್ಚುವಷ್ಟರಲ್ಲಿ ಬಟ್ಟೆ ಸರಿಸಿ ಹೆಬ್ಬೆರಳು ಊರಿದ. ಕುದುರೆ ಕಿವಿ ಹಿಂದಕ್ಕೆ ಮಲಗಿಸಿ ಸೊಂಟ ತಿರುಗಿಸಿತು. ಗೊರಸು ಅವನ ಮೊಣಕಾಲನ್ನು ಸವರಿಕೊಂಡು ಹೋಯಿತು.

"ಕಾಕಾ, ಬೆನ್ನಾಗ ಬ್ಯಾನಿ ಅದ," ಎಂದ. "ನೀವೇ ಬಟ್ಟಿ ಹೊಚ್ಚಿ ಮಾರಾಕ ನಿಂತ್ರ ನಾವು ಯಾರನ್ನ ನಂಬಬೇಕು?"

ಚಹಾ ಕುಡಿದು ಹೋದ.

ಮರುದಿನ ಬೆಳಿಗ್ಗೆ ಭಟ್ಟಿಯವನ ಫೋನು ಬಂತು. ಕೈಯಲ್ಲಿ ಬಿಸಿ ಬಟ್ಟೆ ಇತ್ತು, ಬಿಟ್ಟರೆ ಆರುತ್ತದೆ. ಎಡಮಗ್ಗುಲು ಮುಗಿಯುವವರೆಗೆ ಫೋನು ಎರಡು ಸಲ ಹೊಡೆದುಕೊಂಡು ನಿಂತಿತು. ಮೂರನೇ ಸಲಕ್ಕೆ ಎತ್ತಿ, ಕುದುರೆ ಮಾರುವುದಿಲ್ಲ ಎಂದೆ.

"ರೇಟು ಏರ್ಸಾಕತ್ತೀರೇನ್ರಿ?"

ಅಲ್ಲ ಎಂದೆ.

"ಮತ್ತ್ಯಾಕ?"

ಕರುಣೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಆಗಲೂ ಏನೂ ಅನಿಸಿರಲಿಲ್ಲ.

"ಬಲಗಡೆ ಕಾವು ಕೊಡೂದು ಬಾಕಿ ಅದ," ಎಂದು ಹೇಳಿ ಫೋನು ಇಟ್ಟೆ.