ಒಕ್ಕಣ್ಣ ಭೈರನ ಯಶೋಧಾ

ಜಕ್ಕೂರಿನ ಮುನಿಆಂಜಿನಪ್ಪನವರು ಮದುವೆ ಮೆರವಣಿಗೆಗೆ ಕುದುರೆ ಕಳಿಸುತ್ತಿದ್ದವರು. ಮದುಮಗ ಕೂರುವ ಕುದುರೆಯನ್ನು ಹೆಣ್ಣುಮಗಳು ಹತ್ತಬಾರದೆಂದು ಅಜ್ಜಿ ಗದರಿದಷ್ಟೂ ಮಗಳು ಯಶೋಧಾ ಅದನ್ನು ಕೆರೆ ಏರಿಯ ಮೇಲೆ ಜೀನಿಲ್ಲದೆ ಓಡಿಸಿದಳು. ಮುಂದೆ ಮದುಮಕ್ಕಳು ಕಾರು ಹತ್ತಿ ವ್ಯಾಪಾರ ಸೊರಗಿದಾಗ ಲಾಯವನ್ನು ಸವಾರಿ ಶಾಲೆ ಮಾಡಿದವಳೂ ಅವಳೇ. ಮೇವು, ಔಷಧಿಯ ಜವಾಬ್ದಾರಿ ತಮ್ಮ ನಂದಕುಮಾರನದು.

ರೇಸಿನಲ್ಲಿ ಓಡಲಾರದೆ ಹೊರಬಿದ್ದ ಕುದುರೆ ಭೈರ ಅಲ್ಲಿಗೆ ಬಂದ. ಬಂದ ವಾರವೇ ಬೇಲಿ ಹಾರಿ ಪಕ್ಕದವರ ಸೊಪ್ಪಿನ ಮಡಿ ಮೇದ.

"ಬೇಲಿ ಎತ್ತರ ಮಾಡಿಸ್ಬೇಕು," ಎಂದ ನಂದಕುಮಾರ.

"ಬೇಡ ಕಣೋ, ಇವನಿಗೆ ಹಾರೋದೇ ಕಲಿಸ್ತೀನಿ."

ಕಲಿಸಿದಳು. ಅವಳನ್ನು ಹೊತ್ತು ಭೈರ, ಕೋಲು ಜೋಡಿಸಿದ ಬೇಲಿಗಳನ್ನು ಹಾರುವ ಶೋ ಜಂಪಿಂಗಿನಲ್ಲಿ ರಾಜ್ಯದ ಚಾಂಪಿಯನ್ ಆದ. ಮಕ್ಕಳನ್ನು ಶಾಲೆಗೆ ಸೇರಿಸಲು ಬಂದವರೆಲ್ಲ ಮೊದಲು ಕೇಳುತ್ತಿದ್ದುದು, "ಭೈರ ಯಾವುದು?"

ಕಳೆದ ಮಳೆಗಾಲದ ಬಿರುಗಾಳಿಗೆ ಲಾಯದ ತಗಡೊಂದು ಕಿತ್ತು ಬಂದು ಭೈರನ ಎಡಗಣ್ಣಿಗೆ ಬಡಿಯಿತು. ಕಣ್ಣು ಉಳಿಯಲಿಲ್ಲ.

"ಹೆಸರಿರೋವಾಗಲೇ ನಿಲ್ಲಿಸಿದ್ರೆ ಮರ್ಯಾದೆ ಅಕ್ಕ," ಎಂದ ನಂದಕುಮಾರ.

"ಯಾರ ಮರ್ಯಾದೆ? ಅವನಿಗೆ ಹಾರೋ ಆಸೆ ಹೋಗಿದ್ರೆ ಅವನೇ ನಿಲ್ತಾನೆ."

ಭೈರ ನಿಲ್ಲಲಿಲ್ಲ. ಆದರೆ ಎಡಕ್ಕೆ ತಿರುಗುವಾಗ ಬೇಲಿ ಅವನಿಗೆ ಕಾಣುತ್ತಿರಲಿಲ್ಲ. ತೀರಾ ಹತ್ತಿರ ಬಂದು ಬೆದರುತ್ತಿದ್ದ. ಹಾಗೆ ಬೆದರಿದ ಒಂದು ದಿನ ಯಶೋಧಾ ಬಿದ್ದು ಭುಜದ ಮೂಳೆ ಮುರಿಯಿತು. ಊರವರು ಬುದ್ಧಿ ಹೇಳಿದರು. ಮೂಳೆ ಕೂಡುತ್ತಲೇ ಅವಳು ಮತ್ತೆ ಹತ್ತಿದಳು. ಈ ಸಲ ತಿರುವನ್ನು ಅಗಲ ಮಾಡಿದಳು. ಲಗಾಮು ಸಡಿಲಿಸಿ, "ನೋಡ್ಕೊ ಭೈರ, ನೋಡ್ಕೊ," ಎನ್ನುತ್ತಾ ಬಂದಳು. ಅವನು ಕತ್ತು ಹೊರಳಿಸಿ ಬಲಗಣ್ಣಿನಿಂದ ಬೇಲಿಯನ್ನು ಹುಡುಕುವುದು ಕಲಿತ.

ಈ ವರ್ಷದ ರಾಜ್ಯ ಸ್ಪರ್ಧೆಯ ಬೆಳಿಗ್ಗೆ ಸಂಘಟಕರು ಅವಳನ್ನು ಪಕ್ಕಕ್ಕೆ ಕರೆದರು.

"ಮೇಡಂ, ಏನಾದ್ರೂ ಆದ್ರೆ ನಮ್ಮ ತಲೆಗೆ ಬರತ್ತೆ. ಸುಮ್ನೆ ಒಂದು ಸುತ್ತು ನಡೆಸಿ. ಹಾರ ಹಾಕಿ ಸನ್ಮಾನ ಮಾಡ್ತೀವಿ."

"ಸನ್ಮಾನಕ್ಕೆ ಬಂದಿಲ್ಲ ಸಾರ್, ಹಾರೋಕೆ ಬಂದಿದೀವಿ. ನಿಮ್ಮ ಡಾಕ್ಟ್ರೇ ನೋಡ್ಲಿ. ಅವರು ಬೇಡ ಅಂದ್ರೆ ಈಗ್ಲೇ ಹೊರಡ್ತೀನಿ."

ಪಶುವೈದ್ಯೆ ಭೈರನನ್ನು ನಡೆಸಿ, ಓಡಿಸಿ, ತಿರುಗಿಸಿ ನೋಡಿದರು. "ಆರೋಗ್ಯವಾಗಿದಾನೆ, ಬಿಡಿ," ಎಂದರು.

ಗಂಟೆ ಬಾರಿಸಿದರು. ಮೊದಲ ಮೂರು ಬೇಲಿ ಸಲೀಸಾಗಿ ದಾಟಿದ. ನಾಲ್ಕನೆಯದರಲ್ಲಿ ಹಿಂಗಾಲು ತಗುಲಿ ಮೇಲಿನ ಕೋಲು ಉರುಳಿತು. ನೋಡುತ್ತಿದ್ದವರಿಂದ "ಅಯ್ಯೋ" ಎಂಬ ದನಿ ಎದ್ದಿತು. ಆ ಅನುಕಂಪ ಕೇಳಿ ಯಶೋಧಾಳಿಗೆ ಮೈಯೆಲ್ಲ ಉರಿಯಿತು. ಮುಂದಿನದು ಎಡತಿರುವು. ಅಗಲಕ್ಕೆ ಬಳಸಿದಳು. ಭೈರ ಕತ್ತು ಹೊರಳಿಸಿದ, ಕಿವಿ ನೆಟ್ಟಗಾಯಿತು, ಹಾರಿದ. ಉಳಿದ ಬೇಲಿಗಳ ಒಂದು ಕೋಲೂ ಅಲುಗಲಿಲ್ಲ.

ಅವರಿಗೆ ಸಿಕ್ಕಿದ್ದು ಮೂರನೇ ಸ್ಥಾನ. ನಂದಕುಮಾರ ಭೈರನ ಕತ್ತು ತಬ್ಬಿಕೊಂಡು ಅತ್ತ.

"ಒಂದೇ ಕಣ್ಣಾದ್ರೂ ಮೂರ್ನೇದು ಬಂದೈತಲ್ಲ, ಸಾಕು ಬಿಡವ್ವ," ಎಂದರು ಮುನಿಆಂಜಿನಪ್ಪ.

"ಯಾಕೆ ಸಾಕು? ಎರಡು ಕಣ್ಣಿದ್ದಾಗ ಮೂರನೇದು ಬಂದಿದ್ರೆ ಸಾಕು ಅಂತಿದ್ರಾ?"

ಮಾರನೆಯ ಬೆಳಿಗ್ಗೆ ಅಪ್ಪನೇ ಎದ್ದು ಹೋಗಿ, ಅಂಗಳದಲ್ಲಿ ಭೈರ ಹಾರುವ ಬೇಲಿಯ ಮೇಲಿನ ಕೋಲನ್ನು ಒಂದು ಗೂಟ ಮೇಲಕ್ಕೆ ಏರಿಸಿದರು.