ಕೊನೆಯ ಫಾರಂ ಇನ್ನೂ ಬಂದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ ಮಡಿಕೆಯಕ್ಕನ ಕೈ ಆಗಲೇ ಓಡುತ್ತಿದೆ. ಹಾಳೆ ಎಳೆದು, ಅಂಚಿಗೆ ಅಂಚು ಕೂಡಿಸಿ, ಮರದ ಪಟ್ಟಿಯಿಂದ ಒತ್ತಿದರೆ ಒಂದು ಮಡಿಕೆ. ಮೂರು ಮಡಿಕೆ ಬಿದ್ದರೆ ಹದಿನಾರು ಪುಟ. ಇಲ್ಲಿಯವರು ಅದನ್ನು ಫಾರಂ ಎನ್ನುತ್ತಾರೆ. ಕೈ ಇಲ್ಲಿದ್ದರೂ ಕಣ್ಣು ಮಾತ್ರ ಬಾಗಿಲ ಕಡೆಗೇ.

"ಕೊನೇದು ಬಂತಾ?"

"ರೋಲರ್ ಕೆಟ್ಟಿದೆ ಅಂತ ನಿನ್ನೇನೇ ಹೇಳಿದ್ನಲ್ಲಕ್ಕಾ, ಪ್ರಾಣ ತಿನ್ಬೇಡಿ" ಎಂದು ಆಚೆಯಿಂದ ಮಷಿನ್‌ನವನು ಕೂಗುತ್ತಾನೆ.

ಗಂಡ ತೀರಿಕೊಂಡ ವರ್ಷ ಈ ಮೇಜಿಗೆ ಬಂದವರು ಇವರು. ದಿನಕ್ಕೆ ಸಾವಿರಕ್ಕೂ ಮೇಲೆ ಹಾಳೆ ಮಡಚುತ್ತಾರೆ. ಮಡಚಿದ ಪುಸ್ತಕಗಳಿಗೆ ಲೆಕ್ಕವಿಲ್ಲ. ಓದಿದ್ದು ಮಾತ್ರ ಇಲ್ಲವೆಂದೇ ಹೇಳಬೇಕು. ಈಗ ಅಚ್ಚಾಗುತ್ತಿರುವ, ಆಫ್ರಿಕಾದ ಪುರಾಣಗಳಿಂದ ಹುಟ್ಟಿದ ಈ ಕಾದಂಬರಿ ಬಂದದ್ದೇ ಬಂದದ್ದು, ಅವರ ನೆಮ್ಮದಿ ಹೋಯಿತು. ಕಥೆಯಲ್ಲಿ ತಮ್ಮನ ನೆರಳನ್ನು ನದಿದೇವತೆ ನುಂಗಿದ್ದಾಳೆ, ಬಿಡಿಸಿಕೊಂಡು ಬರಲು ಅಕ್ಕ ಹೊರಟಿದ್ದಾಳೆ. ದಾರಿಯಲ್ಲಿ ಗುಡುಗನ್ನು ಕಾಯಿಸಿ ಬಡಿಯುವ ಕಮ್ಮಾರ ಸಿಗುತ್ತಾನೆ. ಸತ್ತ ಹಿರಿಯರು ಪೊಟರೆಯಲ್ಲಿ ಕೂತು ಹರಟೆ ಹೊಡೆಯುವ ಬಾವೊಬಾಬ್ ಮರ ಸಿಗುತ್ತದೆ.

"ಮೊದಮೊದಲು ಹೆಸರುಗಳಿಗೇ ನಾಲಿಗೆ ಹೊರಳ್ತಿರ್ಲಿಲ್ಲ. ಆಮೇಲೆ ನೋಡಿದ್ರೆ ಆ ದೇವತೆಗೂ ನಮ್ಮತ್ತೆ ಥರಾನೇ ಮೂಗಿನ ತುದೀಲಿ ಕೋಪ! ಅಲ್ಲಿಂದ ಬಿಡೋಕಾಗ್ಲಿಲ್ಲ" ಎಂದು ನಗುತ್ತಾರೆ.

ಸೊಂಟ ಮುರಿದು ಮಲಗಿರುವ ಆ ಅತ್ತೆಗೆ ಸಂಜೆಸಂಜೆ ಓದಿದ್ದನ್ನು ಹೇಳುವುದು ರೂಢಿಯಾಗಿದೆ. ಹುಡುಗಿ ನದಿಗೆ ಕಾಲಿಟ್ಟಲ್ಲಿಗೆ, ವಾಕ್ಯದ ನಡುವೆಯೇ, ಫಾರಂ ಮುಗಿದುಹೋಗಿದೆ. ಅಂದಿನಿಂದ ಸೊಸೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಾರೆ, ಅತ್ತೆ ಬಯ್ಯುತ್ತಾ ಉಣ್ಣುತ್ತಿದ್ದಾರೆ.

ಕಳೆದ ವಾರ ಓದುವ ಭರದಲ್ಲಿ ಒಂದು ಕಟ್ಟು ಪೂರ್ತಿ ಸೊಟ್ಟಗೆ ಮಡಚಿಟ್ಟಿದ್ದರು. "ಕಥೆ ಬೇಕೋ, ಕೆಲಸ ಬೇಕೋ?" ಎಂದು ಮಾಲೀಕರು ರೇಗಿದ್ದರು. ಮಡಿಕೆಯಕ್ಕ ಮಧ್ಯಾಹ್ನದ ಊಟ ಬಿಟ್ಟು ಒಂದೊಂದನ್ನೂ ಬಿಡಿಸಿ ಮತ್ತೆ ಮಡಚಿದ್ದರು.

ಹತ್ತು ಗಂಟೆಗೆ ರೋಲರ್ ಸರಿಹೋಗಿ ಮಷಿನ್ ಗಡಗಡ ಎನ್ನುತ್ತದೆ, ಕೊನೆಯ ಫಾರಂ ಹೊರಬೀಳತೊಡಗುತ್ತದೆ. ಮಡಿಕೆಯಕ್ಕ ಸೆರಗಿಗೆ ಕೈ ಒರೆಸಿಕೊಂಡು ಮಾಲೀಕರ ಮುಂದೆ ನಿಲ್ಲುತ್ತಾರೆ. "ಕೆಲಸದ ಹೊತ್ತಲ್ಲಿ ಓದಲ್ಲ. ಶಾಯಿ ಮೆತ್ತಿ ಹಾಳಾಗಿದ್ದು ಒಂದು ಹಾಳೆ ಕೊಡಿ, ಮನೆಗೆ ಒಯ್ತೀನಿ."

ಮಾಲೀಕರು ಮುಖ ಗಂಟಿಕ್ಕುತ್ತಾರೆ. "ಎರಡು ತಗೊಳ್ಳಿ. ಒಂದ್ರಲ್ಲಿ ಮೂಡದ್ದು ಇನ್ನೊಂದ್ರಲ್ಲಿರತ್ತೆ."

ಸಂಜೆ ಅತ್ತೆಯ ಮಂಚದ ಅಂಚಿನಲ್ಲಿ ಕೂತು ಗಟ್ಟಿಯಾಗಿ ಓದುತ್ತಾರೆ. ದೇವತೆ ಒಲಿಯುತ್ತಾಳೆ, ನೆರಳೂ ಸಿಗುತ್ತದೆ. ಆದರೆ ನದಿಯ ತಂಪು ಹಿಡಿಸಿದ ಆ ನೆರಳಿಗೆ ಮರಳುವ ಮನಸ್ಸಿಲ್ಲ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

"ಮುಗೀತಾ? ಕಪಾಳಕ್ಕೆ ಎರಡು ಬಿಟ್ಟು ಎಳ್ಕೊಂಡು ಬರ್ಬೇಕಿತ್ತು!" ಅತ್ತೆ ಮೊಣಕೈ ಊರಿ ಎದ್ದು ಕೂರಲು ನೋಡುತ್ತಾರೆ. ಸೊಂಟ ಮುರಿದ ಮೇಲೆ ಇದೇ ಮೊದಲು.

ಮರುದಿನ ಮೇಜಿನ ಮೇಲೆ ಹೊಲಿಗೆ ಯಂತ್ರದ ರಿಪೇರಿ ಕೈಪಿಡಿಯ ಹಾಳೆಗಳು ಮಡಚಲು ಬಿದ್ದಿವೆ. ಮಡಿಕೆಯಕ್ಕನ ಕೈ ಓಡುತ್ತಿದೆ, ತುಟಿಯೂ ಸಣ್ಣಗೆ ಅಲುಗುತ್ತಿದೆ. ಏನೆಂದು ಕೇಳಿದರೆ ನಾಚುತ್ತಾರೆ.

"ಅತ್ತೆ ಬಿಡ್ಬೇಕಲ್ಲ! ನಾನೇ ಕಥೆ ಮುಂದಕ್ಕೆ ಕಟ್ತಿದ್ದೀನಿ. ನೆರಳನ್ನ ಮನೆ ಅಂಗಳದವರೆಗೂ ಕರ್ಕೊಂಡು ಬಂದಿದ್ದೀನಿ. ಸಂಜೆಯೊಳಗೆ ಹೇಗಾದ್ರೂ ಮಾಡಿ ಬಾಗಿಲು ತಟ್ಟಿಸ್ಬೇಕು."